ಹೆಪ್ಪಿನ ಅರಿವೆ, ಅಣ್ಣನ ಹವಳ

ನಮ್ಮ ಅಣ್ಣ ಕೊಲ್ಹಾಪುರದಲ್ಲಿ ವಿಜ್ಞಾನ ಓದುತ್ತಿದ್ದ. ಸಮುದ್ರವನ್ನು ಕಂಡವನಲ್ಲ, ಕುಲಗೋಡದಲ್ಲಿ ಹುಟ್ಟಿದವರಿಗೆ ಘಟಪ್ರಭೆ ತುಂಬಿ ಹರಿದರೆ ಅದೇ ಸಮುದ್ರ. ಆದರೂ ರಜೆಗೆ ಬಂದಾಗಲೆಲ್ಲ ಸಮುದ್ರದ ತಳದಲ್ಲೇ ಸಂಸಾರ ಹೂಡಿದವನಂತೆ ಮಾತಾಡುತ್ತಿದ್ದ. ನನ್ನ ಮದುವೆಗೆ ಎಂಟು ದಿನ ಉಳಿದಿತ್ತು. ಹೆಂಗಸರೆಲ್ಲ ಶಾವಿಗೆ ಹೊಸೆಯುತ್ತ ಕೂತಿದ್ದಾಗ ಇವನು ಹವಳದ ಸಂಗತಿ ತೆಗೆದ.

ಹವಳ ಕಲ್ಲಲ್ಲವಂತೆ, ಪುಟ್ಟ ಪುಟ್ಟ ಪ್ರಾಣಿಗಳು ಕಟ್ಟಿದ ಮನೆಯಂತೆ. ದಿಬ್ಬ ಕಟ್ಟುವ ಹವಳಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಅದು ಬಿಸಿಲಿನಲ್ಲಿ ಅಡಿಗೆ ಮಾಡಿ, ಇರಲು ಜಾಗ ಕೊಟ್ಟವರಿಗೂ ಉಣ್ಣಿಸುತ್ತದೆ. ಕೆಲವು ಜಾತಿಯಲ್ಲಿ ತಾಯಿ ತನ್ನ ತತ್ತಿಯೊಳಗೇ ಚೂರು ಪಾಚಿ ಇಟ್ಟು ಕಳಿಸುತ್ತಾಳೆ. ಮರಿ ಹೊರಡುವಾಗಲೇ ಅದರ ಅಡಿಗೆಯವರು ಜೊತೆಗಿರುತ್ತಾರೆ.

ಅವ್ವ ಶಾವಿಗೆಯಿಂದ ಕಣ್ಣೆತ್ತದೆ ಕೇಳಿದಳು, "ಇದನ್ನ ಕಲಿಯಾಕ ಕೊಲ್ಹಾಪುರಕ್ಕ ಹೋಗಬೇಕಾಗಿತ್ತೇನಪಾ? ನಿನ್ನ ತಂಗಿಗೆ ನಾ ಹೆಪ್ಪ ಕಟ್ಟಿ ಕೊಡಾಕತ್ತೇನಲ್ಲ, ಅದು ಮತ್ತೇನು?"

ಅಣ್ಣ ಸೋಲೊಪ್ಪಲಿಲ್ಲ. ಎಲ್ಲ ಹವಳವೂ ಹಾಗಲ್ಲ, ಬಹಳಷ್ಟು ಮರಿಗಳು ಬರಿಗೈಲಿ ಹೊರಟು, ಸುತ್ತಲಿನ ನೀರಿನಲ್ಲಿ ಸಿಕ್ಕ ಪಾಚಿಯನ್ನೇ ಒಳಗೆ ಕರೆದುಕೊಳ್ಳುತ್ತವೆ ಎಂದು ಮತ್ತೆ ಶುರು ಮಾಡಿದ. ಮರಿಯನ್ನು ಬರಿಗೈಲಿ ಕಳಿಸುವವರೂ ತಾಯಂದಿರೇನು ಎಂದು ಅವ್ವ ಮುಖ ಸಿಂಡರಿಸಿದಳು.

ಹೆಪ್ಪು ಕಟ್ಟಿ ಕೊಡುವುದು ನಮ್ಮ ತಾಯಿಯ ಕಡೆಯ ರೂಢಿ. ಹಳೆಯ ಧೋತರದ ಚೂರನ್ನು ಗಟ್ಟಿ ಮೊಸರಿನಲ್ಲಿ ಅದ್ದಿ, ನೆರಳಿಗೆ ಆರಿಸಿ, ಮತ್ತೆ ಅದ್ದಿ, ಹಪ್ಪಳದಂತೆ ಬಿರುಸಾದ ಮೇಲೆ ಮದುಮಗಳ ಸೀರೆಗಳ ನಡುವೆ ಇಡುವುದು. ಗಂಡನ ಮನೆಯಲ್ಲಿ ಅದನ್ನು ಉಗುರುಬೆಚ್ಚಗಿನ ಹಾಲಿನಲ್ಲಿ ನೆನೆಸಿದರೆ ತವರಿನ ಮೊಸರು. ಅವ್ವನೂ ತನ್ನ ತವರು ಅಂಕಲಗಿಯಿಂದ ಹೀಗೇ ತಂದಿದ್ದಳು. ಆ ಮೊಸರಿನ ಮೇಲೆ ಅವಳಿಗೆ ಎಷ್ಟು ಜಂಬವೆಂದರೆ, ನಾನು ಹೋಗುವ ತನಕ ಹುಕ್ಕೇರಿಯ ನನ್ನ ಗಂಡನ ಮನೆಯವರು ಬರೀ ಹಾಲು ಕುಡಿದುಕೊಂಡಿದ್ದಾರೆಂದೇ ತಿಳಿದಿದ್ದಳು. ನಿಜ ಹೇಳಬೇಕೆಂದರೆ ನನಗೂ ಆ ಅರಿವೆಯ ಮೇಲೆ ಜೀವ. ಹೊಸ ಮನೆಯಲ್ಲಿ ನನ್ನದು ಎನ್ನುವುದು ಅದೊಂದೇ ಅನಿಸಿತ್ತು.

ಹುಕ್ಕೇರಿಯ ನಮ್ಮ ಅತ್ತೆಯವರಿಗೆ ತೊಳೆಯುವ ಹುಚ್ಚು. ಸಂತೆಯಿಂದ ಬಂದ ಕೊತ್ತಂಬರಿಗೂ ಮೂರು ಜಳಕ. ನನ್ನ ಗಂಟು ಬಿಚ್ಚಿ ಸೀರೆಗಳನ್ನು ತೆಗೆದಿಡುವಾಗ ನಡುವೆ ಹಳದಿ ಕಲೆಯ ಚಿಂದಿಯೊಂದು ಅವರ ಕಣ್ಣಿಗೆ ಬಿತ್ತು. ನೆಂಟರು ನೋಡಿದರೆ ಹೊಸ ಸೊಸೆಯ ಮಾನ ಹೋದೀತೆಂದು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಒಯ್ದರು. ಬೂದಿನೀರಿನಲ್ಲಿ ಕುದಿಸಿ, ಒಗೆದು, ಬೆಳ್ಳಗೆ ಮಾಡಿ ಮರುದಿನ ಮಡಚಿ ನನ್ನ ಕೈಗಿಟ್ಟರು. ಉಪಕಾರ ಮಾಡಿದ ಸಂತೋಷ ಮುಖದ ತುಂಬ. ನಾನು ಗೋಳೋ ಎಂದು ಅಳತೊಡಗಿದೆ.

ಬಿಕ್ಕುತ್ತಲೇ ಸಂಗತಿ ಹೇಳಿದೆ. ಅವರು ನೆಲುವಿನಿಂದ ತಮ್ಮ ಮೊಸರಿನ ಗಡಿಗೆ ಇಳಿಸಿ ನನ್ನ ಮುಂದಿಟ್ಟರು. "ತಪ್ಪ ಆತವಾ. ಇವತ್ತಿನಿಂದ ಈ ಗಡಗಿ ನಿನ್ನ ಕೈಯಾಗ," ಎಂದರು. ಆ ಗಡಿಗೆಯನ್ನು ಅವರ ಹೊರತು ಯಾರೂ ಮುಟ್ಟುತ್ತಿರಲಿಲ್ಲವೆಂದು ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ.

ಅವ್ವನಿಗೆ ಮಾತ್ರ ಹೇಳಲಿಲ್ಲ. ಅವಳು ಕೇಳಿ ಕಳಿಸಿದಾಗಲೆಲ್ಲ ನಿನ್ನ ಹೆಪ್ಪು ಚಲೋ ಕೂಡಿದೆ ಎಂದೇ ಉತ್ತರ. ನೋಡಲು ಬಂದ ಅಣ್ಣನಿಗೆ ಒಮ್ಮೆ ಬಾಯಿ ಬಿಟ್ಟೆ. ಹಾಗಾದರೆ ನೀನು ಎರಡನೆಯ ಜಾತಿಯ ಹವಳ ಎಂದು ಅವನು ಹೊಟ್ಟೆ ಹಿಡಿದು ನಕ್ಕ. ಗುಟ್ಟು ಕಾಯುವೆನೆಂದು ಅವನಿಂದ ಮಾತು ತೆಗೆದುಕೊಳ್ಳಲು ಎರಡು ಗಂಗಾಳ ನುಚ್ಚು ಮೊಸರು ಬೇಕಾಯಿತು.

ಎರಡು ವರ್ಷ ಕಳೆದಿತ್ತು. ಮಳೆಗಾಲದಲ್ಲಿ ಅವ್ವ ಚಳಿಜ್ವರದಿಂದ ಮಲಗಿದಳು. ನೋಡುವವರಿಲ್ಲದೆ ತವರಿನ ಹೆಪ್ಪು ಕೆಟ್ಟುಹೋಯಿತು. ಬೇರೆಯವರ ಮನೆಯ ಮೊಸರು ಒಲ್ಲೆನೆಂದು ಅವಳ ಹಟ. ಹುಕ್ಕೇರಿಯಲ್ಲಿ ನನ್ನ ಹೆಪ್ಪು ಇದೆಯಲ್ಲ, ಅದನ್ನೇ ತೆಗೆದುಕೊಂಡು ಬಾ ಎಂದು ಹೇಳಿ ಕಳಿಸಿದಳು. ಆ ಮಾತನ್ನು ಅತ್ತೆಯವರಿಗೆ ತಿಳಿಸಿದೆ. ಅವರು ತಮ್ಮ ಕೈಯಾರೆ ಅರಿವೆ ಅದ್ದಿ, ಒಲೆಯ ಬಾಜೂ ಆರಿಸಿ ಕೊಟ್ಟರು. ಅಂದು ಅವರೇ ಬೆಳ್ಳಗೆ ಒಗೆದಿದ್ದ ಚೂರು ಅದು.

ಕುಲಗೋಡದಲ್ಲಿ ಮೊಸರು ಗಟ್ಟಿಯಾಗಿಯೇ ಕೂಡಿತು. ಅಣ್ಣ ನಗು ತಡೆದುಕೊಂಡು ಬಾಗಿಲಿಗೆ ಒರಗಿ ನಿಂತಿದ್ದ. ಅವ್ವ ಚೂರು ನಾಲಿಗೆಗೆ ಹಚ್ಚಿಕೊಂಡಳು, ಮತ್ತೊಮ್ಮೆ ಹಚ್ಚಿಕೊಂಡಳು. ನಾನು ನೆಲ ನೋಡುತ್ತಿದ್ದೆ.

"ಇದು ನಂದಲ್ಲ," ಎಂದಳು.

ನಿಜ ಹೇಳಲು ಬಾಯಿ ತೆರೆದೆ. ಅವಳು ಕೈಮಾಡಿ ತಡೆದಳು. ನುಚ್ಚಿನ ಮೇಲೆ ಮೊಸರು ಹಾಕಿಸಿಕೊಂಡು ಪೂರ್ತಿ ಉಂಡಳು. ಜ್ವರ ಹಿಡಿದ ಮೇಲೆ ಅವಳು ಅಷ್ಟು ಉಂಡದ್ದು ಅದೇ ಮೊದಲು.

"ನಿಮ್ಮತ್ತಿ ನಿನಗ ತನ್ನ ಗಡಗಿ ಕೊಟ್ಟಾಳ," ಎಂದಳು. "ಇನ್ನ ನನಗ ನಿನ್ನ ಚಿಂತಿ ಇಲ್ಲ."

ತಳದಲ್ಲಿ ಉಳಿದ ಮೊಸರನ್ನು ಮರುದಿನದ ಹೆಪ್ಪಿಗೆ ತೆಗೆದಿಡಲು ಹೇಳಿ, ಗೋಡೆಯ ಕಡೆ ಹೊರಳಿ ಮಲಗಿದಳು.