ಅಂಗಿಯ ಬೆನ್ನಿನ ರಟ್ಟು

ಹೊಸ ಅಂಗಿಯ ಮಡಿಕೆಯೊಳಗೆ ಇಟ್ಟಿರುವ ರಟ್ಟನ್ನು ನೀವು ಏನು ಮಾಡುತ್ತೀರೋ ನಾನರಿಯೆ. ನನಗಂತೂ ಅದನ್ನು ಎಸೆಯಲು ಇಂದಿಗೂ ಮನಸ್ಸಾಗುವುದಿಲ್ಲ. ಅಂಗಿಗಿಂತ ಮೊದಲು ರಟ್ಟಿನ ಅಳತೆ ನೋಡುವ ಈ ವಿಚಿತ್ರ ವ್ಯಾಮೋಹಕ್ಕೆ ನನ್ನ ವಿದ್ಯಾರ್ಥಿದೆಸೆಯ ಭಯವೇ ಮೂಲ.

ತೊಂಬತ್ತರ ದಶಕದ ಕೊನೆಯಲ್ಲಿ ಪುಣೆಯ ಕಾಲೇಜೊಂದರಲ್ಲಿ ಇಂಜಿನಿಯರಿಂಗ್ ಓದುತ್ತಲೇ ಸಂಜೆಯ ಜಪಾನಿ ತರಗತಿಗೂ ಸೇರಿಕೊಂಡಿದ್ದೆ. ಒಂದೇ ತಲೆಯಲ್ಲಿ ಎರಡು ಸಂಸಾರ ಹೂಡುವ ಈ ದುಸ್ಸಾಹಸಕ್ಕೆ, ಬಟ್ಟೆ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಹಾಕಿದ ಷರತ್ತು ಒಂದೇ: “ಕಾಲೇಜಿನ್ಯಾಗ ಒಂದ ವಿಷಯ ಹೋದ್ರೂ ಜಪಾನಿ ಬಂದ್. ನೋಡ್ಕೋ.” ಷರತ್ತಿನ ಜೊತೆಗೆ ಅಂಗಡಿಯಲ್ಲಿ ಉಳಿದ ರಟ್ಟುಗಳನ್ನೂ ತಂದುಕೊಡುತ್ತಿದ್ದರು. ಅವನ್ನು ಚೀಟಿಗಳಾಗಿ ಕತ್ತರಿಸಿ, ಮುಂಬದಿಗೆ ಒಂದು ಜಪಾನಿ ಚಿತ್ರಾಕ್ಷರ, ಹಿಂಬದಿಗೆ ಒಂದು ಇಂಜಿನಿಯರಿಂಗ್ ಸೂತ್ರ ಬರೆದು, ಸ್ವಾರಗೇಟಿನ ಬಸ್ಸಿನಲ್ಲಿ ಜೋತಾಡುತ್ತ ಉರುಹೊಡೆಯುತ್ತಿದ್ದೆ. ಈ ಮಿತವ್ಯಯದ ಜಾಣತನಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡದ್ದೂ ಉಂಟು.

ಅದರ ಫಲ ಪರೀಕ್ಷೆಯಲ್ಲಿ ಕಂಡಿತು. ಭಾರ ಹೊತ್ತ ತೊಲೆ ಎಷ್ಟು ಬಾಗುತ್ತದೆಂಬ ಸೂತ್ರ ಏನು ಮಾಡಿದರೂ ನೆನಪಾಗದು. ಕಡೆಗೆ ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಪೆನ್ಸಿಲಿನಿಂದ ಆ ಸೂತ್ರವಿದ್ದ ಚೀಟಿಯ ಮುಂಬದಿಯ ಅಕ್ಷರ ಬರೆದೆ: ‘ಮಳೆ’, ಎಂಟು ಗೆರೆ. ಎಂಟನೆಯ ಗೆರೆ ಮುಗಿಯುತ್ತಲೇ ಸೂತ್ರ ತಾನಾಗಿ ಬಂತು. ಪ್ರಶ್ನೆಪತ್ರಿಕೆಯ ಮೇಲೆ ಏನನ್ನೂ ಬರೆಯಕೂಡದೆಂಬ ನಿಯಮ ಆ ಸಂಭ್ರಮದಲ್ಲಿ ಮರೆತೇಹೋಗಿತ್ತು.

ಮೇಲ್ವಿಚಾರಕರು ಪತ್ರಿಕೆಯನ್ನೆತ್ತಿ ತಿರುಗಿಸಿ ನೋಡಿ, ಹಾಲ್ ಟಿಕೆಟ್ಟಿನಲ್ಲಿ ಕನ್ನಡಿಗನದೆಂದು ತೋರುವ ನನ್ನ ಹೆಸರನ್ನೂ ಓದಿ, ಇದು ಕನ್ನಡವೇ ಎಂದು ಮರಾಠಿಯಲ್ಲಿ ಕೇಳಿದರು. ನಕಲಿನ ಆರೋಪ, ಹೋದ ವಿಷಯ, ಬಂದಾದ ಜಪಾನಿ, ಅಪ್ಪನ ಮುಖ ಎಲ್ಲವೂ ಒಟ್ಟಿಗೆ ಕಣ್ಣಮುಂದೆ ಬಂದು, ಹೌದು ಎಂದುಬಿಟ್ಟೆ. ಅವರು ನೆಮ್ಮದಿಯಿಂದ, ಅದನ್ನು ಓದಿಸಲು ಪಕ್ಕದ ಕೊಠಡಿಯಲ್ಲಿದ್ದ ವಿಜಾಪುರದ ಪ್ರಾಧ್ಯಾಪಕರಿಗೆ ಹೇಳಿಕಳಿಸಿದರು.

ಬಂದವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, “ಯಾವ ಊರ ಕನ್ನಡ ಇದು, ತಮ್ಮಾ?” ಎಂದು ಮೆಲ್ಲಗೆ ಕೇಳಿದರು.

“ಜಪಾನಿ ಅದರಿ ಸರ್. ಮಳಿ ಅಂತ. ಇದನ್ನ ಬರದ್ರನ ತೊಲಿ ಸೂತ್ರ ನೆನಪಾಗ್ತದರಿ,” ಎಂದೆ. ಭಯಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು.

ಅವರು ನಗಲಿಲ್ಲ. ಮೇಲ್ವಿಚಾರಕರ ಕಡೆ ತಿರುಗಿ, ಮಳೆ ಎಂದು ಬರೆದಿದ್ದಾನೆ, ಬೇರೇನಿಲ್ಲ ಎಂದು ಮರಾಠಿಯಲ್ಲಿ ಹೇಳಿದರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನನಗೆ ಮಾತ್ರ, “ಅಳಿಸಿಬಿಡು. ಇನ್ನ ಮಳಿ ತಲ್ಯಾಗ ಬರ್ಕೋ,” ಎಂದು ಹೇಳಿ ಹೊರಟುಹೋದರು.

ವಿಷಯ ಹೇಗೋ ಪಾಸಾಯಿತು, ಜಪಾನಿ ಉಳಿಯಿತು. ಪುಣೆಯದೇ ಖರಾಡಿಯ ಕಚೇರಿಯೊಂದರಲ್ಲಿ ಯಂತ್ರಗಳ ಜಪಾನಿ ಕೈಪಿಡಿಗಳನ್ನು ಅನುವಾದಿಸುತ್ತ ಈಗ ಅದರಿಂದಲೇ ಹೊಟ್ಟೆ ಹೊರೆಯುತ್ತಿದ್ದೇನೆ. ಹೊಸ ಅಕ್ಷರ ಎದುರಾದರೆ ಇಂದಿಗೂ ಅಂಗಿಯ ರಟ್ಟಿನ ಮೇಲೆಯೇ ಬರೆದುಕೊಳ್ಳುತ್ತೇನೆ. ಹಿಂಬದಿಗೆ ಮಾತ್ರ ಸೂತ್ರವಲ್ಲ, ಅದರ ಅರ್ಥವನ್ನು ಕನ್ನಡದಲ್ಲಿ ಬರೆದಿಡುತ್ತೇನೆ. ಮತ್ತೆ ಯಾರಾದರೂ ಅದನ್ನು ಕೈಗೆತ್ತಿಕೊಂಡು ಇದು ಕನ್ನಡವೇ ಎಂದು ಕೇಳಿದರೆ, ಹೌದು ಎಂಬ ನನ್ನ ಉತ್ತರ ಅರ್ಧವಾದರೂ ನಿಜವಾಗಿರಲಿ.