ಯಮನೂರಪ್ಪನ ಹಾಜರಿ

೧೯೫೬ರ ಬೇಸಿಗೆಯಲ್ಲಿ ನಾನು ಧಾರವಾಡದಿಂದ ಕೊಣ್ಣೂರಿನ ಹತ್ತಿರದ ಒಂದು ಹಳ್ಳಿಗೆ ಹೋದೆ. ಕೆಲವು ಜಾತಿಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿ ಮಾಡಿದ್ದ ಹಳೆಯ ಕಾಯ್ದೆಯೇ ನನ್ನ ಎಂ.ಎ. ಪ್ರಬಂಧದ ವಿಷಯ. ಅದು ರದ್ದಾಗಿ ಏಳು ವರ್ಷವಾಗಿತ್ತು. ಆಮೇಲೆ ಆ ಜನರ ಬಾಳು ಎಷ್ಟು ಸುಧಾರಿಸಿದೆ ಎಂದು ಕೇಳಲು ಉದ್ದನೆಯ ಪ್ರಶ್ನೆಗಳ ಪಟ್ಟಿ ಒಯ್ದಿದ್ದೆ. ನಾಲ್ಕು ಪುಸ್ತಕ ಓದಿದವನ ಜಂಬ ಬೇರೆ.

ಮೊದಲು ಸಿಕ್ಕವನು ಬಾವಿ ತೋಡುವ ಯಮನೂರಪ್ಪ. ವಯಸ್ಸು ಐವತ್ತೈದರ ಆಸುಪಾಸು. ಸುತ್ತಲಿನ ಊರುಗಳು ಸಿಹಿನೀರು ಕುಡಿಯುವುದು ಅವನ ರಟ್ಟೆಯ ಬಲದಿಂದ. ಜನ್ಮದಲ್ಲಿ ಒಂದು ಕಡ್ಡಿ ಕದ್ದವನಲ್ಲ. ಆದರೂ ಆ ಪಟ್ಟಿಯ ಜಾತಿಯಲ್ಲಿ ಹುಟ್ಟಿದ್ದರಿಂದ ಹದಿನೈದನೆಯ ವಯಸ್ಸಿನಿಂದ ಬೆಳಿಗ್ಗೆ, ಸಂಜೆ ಪೊಲೀಸ್ ಪಾಟೀಲರ ಕಟ್ಟೆಗೆ ಹೋಗಿ, ಊರಲ್ಲೇ ಇದ್ದೇನೆ ಎಂದು ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಬೇಕಿತ್ತು. ಗಂಡಸರು ಪರವೂರಿಗೆ ಹೋಗಲು ಪಾಟೀಲರ ಚೀಟಿ ಬೇಕಿತ್ತು.

"ಹಾಜರಿ ಕೊಡೂದು ಯಾವಾಗ ಬಿಟ್ಟಿ, ಯಮನೂರಪ್ಪ?" ಎಂದು ಅವನ ಮನೆಯಂಗಳದಲ್ಲಿ ಕುಳಿತು ಕೇಳಿದೆ.

"ಬಿಡೂದಂದ್ರ? ಈಗರ ಕೊಟ್ಟ ಬಂದ್ನೆಲ್ರೀ," ಎಂದು ಮಸಿ ಹತ್ತಿದ ಹೆಬ್ಬೆಟ್ಟು ತೋರಿಸಿದ.

ಆ ಕಾಯ್ದೆ ಹೋಗಿ ಏಳು ವರ್ಷವಾಯಿತು, ಹಾಜರಿ ಬೇಡ, ಚೀಟಿಯೂ ಬೇಡ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಕುಣಿದಾಡುತ್ತಾನೆಂದು ತಿಳಿದಿದ್ದೆ, ಮೂರ್ಖ ನಾನು. ಅವನು ನೆಲಕ್ಕೆ ಕುಸಿದು ಕುಳಿತ. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಸಕ್ರವ್ವನ ಕೈ ನಿಂತಿತು.

"ಹ್ವಾದ ವರ್ಷ ಗಜೇಂದ್ರಗಡದಾಗ ನಮ್ಮ ಮಗಳು ಸಣ್ಣವ್ವ ಹೆರಿಗಿ ಆಗದ ಮೂರು ದಿನ ಒದ್ದಾಡಿದ್ಲು," ಎಂದಳು. "ಅಪ್ಪನ್ನ ಕರಸ್ರಿ ಅಂತ ಹೇಳಿ ಕಳಿಸಿದ್ಲು. ಪಾಟೀಲ್ರು ಚೀಟಿ ಕೊಡಲಿಲ್ಲ. ನಾ ಒಬ್ಬಾಕಿನ ಹೋದೆ. ಬಾಗಲಾ ನೋಡಕೋತನ ಸತ್ಲು."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ನಗುನಗುತ್ತಾ ಆಡಿದವನು ನಾನು. ಅಂದು ಅದು ನಗೆಯ ಮಾತಾಗಿ ಉಳಿಯಲಿಲ್ಲ. ಕಟ್ಟೆಗೆ ಧಾವಿಸಿದೆ. ಯಮನೂರಪ್ಪ ಹಿಂದೆಯೇ ಬಂದ.

ಪಾಟೀಲ ಮಹಾಲಿಂಗಪ್ಪನವರು ನಿರಾಳವಾಗಿ ಎಲೆ ಅಡಿಕೆ ಹಾಕುತ್ತಿದ್ದರು.

"ರದ್ದಾದ ಕಾಗದ ಏಳು ವರ್ಷದ ಹಿಂದನ ಬಂದಿತ್ರಿ," ಎಂದರು. "ಬರಬ್ಯಾಡಂತ ನಾ ಅನ್ನಲಿಲ್ಲ, ಬರೂದು ಅವ್ರು ಬಿಡಲಿಲ್ಲ. ರೂಢಿ ಬಿದ್ದಿತ್ತು. ಇಂವ ಚೀಟಿ ಕೇಳಿದ ವಾರ ನಮ್ಮ ಹೊಲದಾಗ ಇವನ ಬಾವಿ ಕೆಲಸ ಬ್ಯಾರೆ ನಡದಿತ್ತು."

ಇಷ್ಟೇ ಕಾರಣ! ಯಮನೂರಪ್ಪ ಕೂಗಾಡದೆ ಹಾಜರಿ ಪುಸ್ತಕದತ್ತ ಕೈ ತೋರಿಸಿದ.

"ಪಂಚಮಿ ಮರುದಿನದ ಹಾಳಿ ತಗೀರಿ, ಯಪ್ಪಾ. ಸಣ್ಣವ್ವ ಸತ್ತ ದಿನದ್ದು."

ಪಾಟೀಲರು ಆ ಹಾಳೆ ತೆರೆದು ಪುಸ್ತಕವನ್ನು ನನ್ನತ್ತ ನೂಕಿದರು. ಅದರಲ್ಲಿ ಅವನ ಹೆಸರಿನ ಮುಂದೆ ಎರಡು ಹೆಬ್ಬೆಟ್ಟುಗಳಿದ್ದವು.

"ಸಂಜಿದು ಯಾವುದ್ರಿ?"

ನಾನು ಬೆರಳಿಟ್ಟು ತೋರಿಸಿದೆ. ಯಮನೂರಪ್ಪ ಬಗ್ಗಿ ಬಹಳ ಹೊತ್ತು ನೋಡಿದ.

"ಆಕಿ ಜೀವ ಬಿಟ್ಟಿದ್ದು ಸಂಜಿ ಮುಂದರಿ. ಅಪ್ಪ ಎಲ್ಲಿ ಅಂತ ಆಕಿ ಅಲ್ಲಿ ಕೇಳೂ ವ್ಯಾಳ್ಯಾಕ್ಕ, ಇಲ್ಲೇ ಅದೀನಂತ ನಾ ಇವ್ರಿಗೆ ಒತ್ತಿ ಕೊಟ್ಟೀನಿ ನೋಡ್ರಿ."