ಮೈಲುತುತ್ತಿನ ಕೆಂಪು

ಐವರ್ನಾಡಿನ ದುಗ್ಗಮ್ಮ ಶಾಲೆಗೆ ಹೋದದ್ದು ಎರಡೇ ವರ್ಷ. ಆದರೆ ಅಡಿಕೆಗೆ ಕೊಳೆರೋಗ ಬಾರದಂತೆ ಹೊಡೆಯುವ ಮದ್ದು ತಯಾರಿಸುವುದರಲ್ಲಿ ಅವಳನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ. ಮೈಲುತುತ್ತಿನ ನೀಲಿ ಹರಳು ಕರಗಿಸಿದ ನೀರಿಗೆ ಸುಣ್ಣದ ನೀರು ಬೆರೆಸಿ, ಮಸೆದ ಕತ್ತಿಯ ಮೊನೆ ಅದ್ದಿ ನೋಡುತ್ತಿದ್ದಳು. ಕತ್ತಿ ಕೆಂಪಾದರೆ ಸುಣ್ಣ ಸಾಲದು ಎಂದರ್ಥ. ಆ ಕೆಂಪು ಎಲ್ಲಿಂದ ಬರುತ್ತದೆಂದು ಕಲಿಸಿಕೊಟ್ಟ ಅತ್ತೆಗೂ ಗೊತ್ತಿರಲಿಲ್ಲ.

೧೯೬೨ರ ಮೇ ತಿಂಗಳಲ್ಲಿ, ಮದ್ದು ನೆನೆಹಾಕುವ ಮರದ ತೊಟ್ಟಿ, ಮರಿಗೆ, ಸೀಳುಬಿಟ್ಟಿತೆಂದು ಗಂಡ ಮಾಯಿಲಪ್ಪ ಮೈಲುತುತ್ತನ್ನು ಕಬ್ಬಿಣದ ಬಾಲ್ದಿಯಲ್ಲಿ ನೆನೆಹಾಕಿದ. ಮರುದಿನ ನೋಡಿದರೆ ನೀರಿನ ನೀಲಿ ಮಾಸಿದೆ, ಅಡಿಯಲ್ಲಿ ಕೆಂಪು ಕೆಸರು, ಬಾಲ್ದಿಯ ಬುಡದಲ್ಲಿ ತೂತು. ಅಂಗಡಿಯವನು ಇಟ್ಟಿಗೆ ಪುಡಿ ಬೆರೆಸಿ ಮಾರಿದ್ದಾನೆಂದು ಮಾಯಿಲಪ್ಪ ನೇರ ಪುತ್ತೂರಿಗೆ ಹೋಗಿ, ಮೈಲುತುತ್ತು ಕೊಟ್ಟ ಅಂಗಡಿಯ ಸುಂದರನನ್ನು ಗಿರಾಕಿಗಳ ಎದುರೇ ಕಳ್ಳನೆಂದು ಬೈದು ಬಂದ.

ದುಗ್ಗಮ್ಮನ ಮನಸ್ಸು ಒಪ್ಪಲಿಲ್ಲ. ಸುಂದರ ಅಂಥವನಲ್ಲ. ಸುಳ್ಯದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನಾದಿನಿ ಕುಮುದಿನಿ ಭಾನುವಾರ ಬಂದಾಗ, ದುಗ್ಗಮ್ಮ ಆ ಕೆಸರನ್ನು ತೆಂಗಿನ ಗೆರಟೆಯಲ್ಲಿ ತಂದು ತೋರಿಸಿದಳು.

"ಇದು ಇಟ್ಟಿಗೆ ಅಲ್ಲ ಅತ್ತಿಗೆ, ತಾಮ್ರ. ಮೈಲುತುತ್ತಿನ ಒಳಗೆ ಇದ್ದದ್ದೇ."

"ಹಾಗಾದ್ರೆ ಬಾಲ್ದಿಯ ಕಬ್ಬಿಣ ಎಲ್ಲಿಗೆ ಹೋಯ್ತು?"

"ನೀರಿಗೆ. ಕಬ್ಬಿಣದ ಒಂದೊಂದು ಪರಮಾಣುವಿನ ನಡುವಲ್ಲಿ ಬೀಜ ಉಂಟು, ಅದರದ್ದು ಧನ ವಿದ್ಯುತ್ತು. ಸುತ್ತ ಇರುವ ಎಲೆಕ್ಟ್ರಾನುಗಳದ್ದು ಋಣ. ಎರಡೂ ಸರಿಸಮ. ಆದ್ರೆ ಲೋಹಗಳಲ್ಲಿ ತೀರ ಹೊರಗಿನ ಒಂದೆರಡು ಎಲೆಕ್ಟ್ರಾನಿನ ಮೇಲೆ ಬೀಜದ ಹಿಡಿತ ಸಡಿಲ. ಎಳೆಯುವವರು ಸಿಕ್ಕಿದ್ರೆ ಬಿಟ್ಟುಕೊಡ್ತದೆ."

"ಇಲ್ಲಿ ಎಳೆದದ್ದು ಯಾರು?"

"ನೀರಲ್ಲಿದ್ದ ತಾಮ್ರ. ಅದಕ್ಕೆ ಎರಡು ಎಲೆಕ್ಟ್ರಾನು ಕಮ್ಮಿ ಇತ್ತು. ತಗೊಂಡು ಲೋಹ ಆಯ್ತು. ಕೊಟ್ಟ ಕಬ್ಬಿಣ ಧನ ಅಯಾನು, ಅಂದ್ರೆ ಧನ ವಿದ್ಯುತ್ತಿನ ಕಣ, ಆಗಿ ನೀರಿಗಿಳೀತು."

ದುಗ್ಗಮ್ಮ ಗೆರಟೆಯನ್ನೇ ನೋಡುತ್ತ ಕೂತಳು. "ಕೊಟ್ರೆ ಕಮ್ಮಿ ಆಗ್ಬೇಕಲ್ಲ. ಧನ ಹೇಗೆ ಆಗುದು?"

"ಕೊಟ್ಟದ್ದು ಋಣವನ್ನು ಅತ್ತಿಗೆ. ಬೀಜದ ಧನ ಇದ್ದಷ್ಟೇ ಉಂಟು. ಈಗ ಅದೇ ಎರಡು ಹೆಚ್ಚಾಯ್ತು." ಕುಮುದಿನಿ ನಕ್ಕಳು. "ನನ್ನ ಶಾಲೆಯ ಮಕ್ಕಳು ಈ ಪ್ರಶ್ನೆ ಒಮ್ಮೆಯೂ ಕೇಳಲಿಲ್ಲ."

ಸೋಮವಾರ ದುಗ್ಗಮ್ಮ ಗಂಡನನ್ನು ಹೊರಡಿಸಿ ಪುತ್ತೂರಿನ ಬಸ್ಸು ಹತ್ತಿದಳು. ಅಂಗಡಿ ತುಂಬ ಜನ ಇರುವ ಹೊತ್ತನ್ನೇ ಕಾದಳು. ಮಡಕೆಯ ಚೂರಿನಲ್ಲಿ ಅಂಗಡಿಯದೇ ಮೈಲುತುತ್ತು ಕದಡಿ, ಕೆಸರಿಲ್ಲದ ಆ ನೀಲಿ ನೀರಿಗೆ ತಂದಿದ್ದ ಚೂರಿ ಅದ್ದಿ ಎತ್ತಿದಳು. ಮೊನೆ ಕೆಂಪಾಗಿತ್ತು.

"ಇದು ತಾಮ್ರ. ಸುಂದರಣ್ಣ ಎಂತದೂ ಬೆರೆಸ್ಲಿಲ್ಲ. ಕಬ್ಬಿಣದಲ್ಲಿ ನೆನೆಹಾಕಿದ್ದು ನಮ್ಮ ತಪ್ಪು" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಕಾರಣವನ್ನೂ ಬಿಡಿಸಿ ಹೇಳಿದಳು.

ಮಾಯಿಲಪ್ಪ ಕೊಡೆಯ ಹಿಡಿಯನ್ನು ತಿರುಗಿಸುತ್ತ ನಿಂತಿದ್ದ. ಕೊನೆಗೆ, "ಬಾಯಿ ತಪ್ಪಿ ಬಂತು ಮಾರಾಯ" ಎಂದ.

ಸುಂದರ ಬೆಂಚಿನ ಮೇಲಿದ್ದ ಗೋಣಿ ಸರಿಸಿ, "ಕೂತ್ಕೊಳ್ಳಿ, ಚಾ ತರಿಸ್ತೇನೆ" ಎಂದ.